ಎಂಟು ಉಡುಪು, ಹದಿನೈದು ಜೋಡಿ

ಕರ್ನಾಟಕದ ಯಾವ ಪೇಟೆಗೆ ಹೋದರೂ ಒಂದು ಮ್ಯಾಚಿಂಗ್ ಸೆಂಟರ್ ಸಿಗುತ್ತದೆ. ನೆಲದಿಂದ ಸೂರಿನವರೆಗೆ ಟೂ ಬೈ ಟೂ ರೂಬಿಯಾ ಥಾನುಗಳು. ಹಸಿರೊಂದರಲ್ಲೇ ಗಿಳಿ, ಪಾಚಿ, ಬಾಟಲಿ, ಎಲೆ ಎಂದು ಹತ್ತಾರು ಬಗೆ. ಸೀರೆಯ ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದು ‘ಇದಕ್ಕಿಂತ ಒಂಚೂರು ಡಾರ್ಕ್ ಇದ್ರೆ ತೋರ್ಸಿ’ ಎನ್ನುವ ಗಿರಾಕಿಗೂ, ಆ ಮಾತು ಮುಗಿಯುವ ಮುನ್ನವೇ ಬೇಕಾದ ಥಾನಿಗೆ ಕೈಹಾಕುವ ಅಂಗಡಿಯವರಿಗೂ ಬಣ್ಣದ ವಿಷಯದಲ್ಲಿ ಕಣ್ಣು ಚೆನ್ನಾಗಿ ಪಳಗಿರುತ್ತದೆ. ಆದರೆ ಅಲ್ಲಿ ಬೆಳೆದ ಅಭ್ಯಾಸಕ್ಕೆ ಒಂದು ಮಿತಿಯಿದೆ. ಈ ಸೀರೆಗೆ ಈ ರವಿಕೆ. ಇನ್ನೊಂದಕ್ಕೆ ಅದು ಬರುವುದಿಲ್ಲ. ಚೂಡಿದಾರ ಮೆಟೀರಿಯಲ್ ಬಂದ ಮೇಲೂ ಇದೇ ಲೆಕ್ಕ ಮುಂದುವರಿಯಿತು. ಟಾಪು, ಪ್ಯಾಂಟು, ವೇಲು ಮೂರೂ ಒಂದೇ ಪ್ಯಾಕೆಟ್ಟಿನಲ್ಲಿ. ತುಂಡು ಮೂರಾದರೂ ಡ್ರೆಸ್ ಒಂದೇ.

ಮನೆಯಲ್ಲಿ ಮಿಷನ್ ಇಟ್ಟುಕೊಂಡವರು ಈ ಲೆಕ್ಕವನ್ನು ತಿರುಗಿಸಬಹುದು. ಒಂದೊಂದೇ ಡ್ರೆಸ್ ಹೊಲಿಯುವ ಬದಲು ಇಡೀ ಬೇಸಿಗೆಗೆ ಬೇಕಾದ್ದನ್ನು ಒಟ್ಟಿಗೆ ಯೋಚಿಸಿ, ಯಾವ ಟಾಪಿಗೆ ಯಾವ ಪ್ಯಾಂಟು ಹಾಕಿದರೂ ಹೊಂದುವಂತೆ ಹೊಲಿಯುವುದು. ಫ್ಯಾಷನ್ ಲೋಕಕ್ಕೆ ಇದು ಹೊಸತಲ್ಲ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸೂಸಿ ಫಾ ಇದನ್ನು ‘ಕ್ಯಾಪ್ಸೂಲ್ ವಾರ್ಡ್‌ರೋಬ್’ ಎಂಬ ಹೆಸರಿನಲ್ಲಿ ಬಳಕೆಗೆ ತಂದರು. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೊನ್ನಾ ಕರಾನ್ ಏಳೇ ಉಡುಪುಗಳ ಸುತ್ತ ಒಂದು ಸಂಗ್ರಹ ತಂದು ಹೆಸರು ಮಾಡಿದರು. ಅವೆಲ್ಲ ಆಫೀಸಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಸಿದ್ಧ ಉಡುಪುಗಳು. ಸ್ವಂತ ಹೊಲಿಯುವವರಿಗೆ ಬಟ್ಟೆ, ಬಣ್ಣ, ಅಳತೆ ಮೂರೂ ತಮ್ಮ ಕೈಯಲ್ಲೇ ಇರುವುದರಿಂದ ಈ ಕೆಲಸ ಇನ್ನೂ ಸಲೀಸು.

ಶುರು ಮಾಡಬೇಕಾದ್ದು ಬಟ್ಟೆಯಿಂದ. ಹತ್ತಿ ತಂಪು ಎಂದು ಎಲ್ಲರೂ ಹೇಳುತ್ತಾರೆ. ಏಕೆ ಎಂಬುದಕ್ಕೆ ಅಂಕಿಯೇ ಇದೆ. ಸಾಧಾರಣ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ತೇವ ಹೀರಿಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಅದಕ್ಕೇ ಪಾಲಿಯೆಸ್ಟರ್ ಟಾಪು ಮಧ್ಯಾಹ್ನದ ಹೊತ್ತಿಗೆ ಬೆನ್ನಿಗೆ ಅಂಟಿಕೊಳ್ಳುವುದು. ಆದರೆ ‘ಕಾಟನ್ ಕೊಡಿ’ ಎಂದು ಕೇಳಿದರಷ್ಟೇ ಸಾಲದು. ಕಲಬುರಗಿ, ರಾಯಚೂರಿನ ಬೇಸಿಗೆಯೇ ಬೇರೆ, ಮಂಗಳೂರಿನದೇ ಬೇರೆ. ಒಣ ಬಿಸಿಲಿನ ಊರಿನಲ್ಲಿ ಬೆವರು ತಾನಾಗಿ ಆರುತ್ತದೆ. ಚರ್ಮಕ್ಕೆ ಬಿಸಿಲು ಬೀಳದಂತೆ ಮುಚ್ಚುವ ಸಡಿಲವಾದ ಉದ್ದ ತೋಳು ಅಲ್ಲಿ ಲೇಸು. ಕರಾವಳಿಯಲ್ಲಿ ಗಾಳಿಯೇ ತೇವ, ಬೆವರು ಆರುವುದೇ ಇಲ್ಲ. ಅಲ್ಲಿ ಮಲ್‌ಮಲ್, ವಾಯಿಲ್‌ನಂಥ ತೆಳು ನೇಯ್ಗೆ, ಗಾಳಿಯಾಡುವ ಅಗಲ ಕಂಕುಳು, ಗಿಡ್ಡ ತೋಳು ಬೇಕು.

ಬಣ್ಣಕ್ಕಿಂತ ಸಡಿಲವೇ ಮುಖ್ಯ ಎನ್ನುವುದಕ್ಕೆ ಮರುಭೂಮಿಯ ಸಾಕ್ಷಿಯೂ ಇದೆ. ಬೆದುಯಿನ್ ಜನ ಸುಡುಬಿಸಿಲಲ್ಲಿ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ವಿಜ್ಞಾನಿಗಳು ಅಳೆದುನೋಡಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರುವುದು ನಿಜ. ಆದರೆ ನಿಲುವಂಗಿ ದೊಗಲೆಯಾಗಿರುವುದರಿಂದ ಆ ಶಾಖ ಮೈ ಮುಟ್ಟುವ ಮುಂಚೆಯೇ ಹೊರಗೆ ಹೋಗುತ್ತದೆ, ಬಿಳಿ ನಿಲುವಂಗಿಯೊಳಗಿನ ಮೈಗೂ ಕಪ್ಪಿನೊಳಗಿನದಕ್ಕೂ ತಟ್ಟುವ ಬಿಸಿಯಲ್ಲಿ ವ್ಯತ್ಯಾಸವಿಲ್ಲ. ಬೇಸಿಗೆಗೆಂದು ಬಿಳಿ ಬಟ್ಟೆ ತಂದು ಮೈಗಂಟುವಂತೆ ಫಿಟ್ಟಿಂಗ್ ಕೊಡಿಸುವವರು ಇದನ್ನು ಗಮನಿಸಬಹುದು.

ಇನ್ನು ಬಣ್ಣ. ಅಂಗಡಿಯಲ್ಲಿ ಕಣ್ಸೆಳೆದ ಪ್ರಿಂಟನ್ನೆಲ್ಲ ಕೊಂಡರೆ ಯಾವುದೂ ಯಾವುದಕ್ಕೂ ಸೇರುವುದಿಲ್ಲ. ಅನುಭವಿಗಳು ಮಾಡುವ ಉಪಾಯ ಸರಳ: ಒಂದೇ ಒಂದು ಪ್ರಿಂಟ್ ಆರಿಸಿ, ಉಳಿದ ಬಣ್ಣಗಳನ್ನು ಅದರಿಂದಲೇ ಹೆಕ್ಕುವುದು. ಮಚಲೀಪಟ್ಣಂ ಕಲಂಕಾರಿಯ ಒಂದು ಥಾನಿನಲ್ಲಿ ಮಾಸಲು ಬಿಳಿ, ನೀಲಿ, ಅಡಿಕೆ ಕಂದು, ಸಾಸಿವೆ, ಇಟ್ಟಿಗೆ ಕೆಂಪು ಇದೆ ಎಂದುಕೊಳ್ಳಿ. ಮೊದಲ ಮೂರು ಬಣ್ಣ ಪ್ಯಾಂಟಿಗೆ, ಉಳಿದವು ಟಾಪಿಗೆ. ಸಹಜ ಬಣ್ಣಗಳ ಬಟ್ಟೆ ಸಿಕ್ಕರಂತೂ ಅರ್ಧ ಕೆಲಸ ಮುಗಿದಂತೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘದ ಕೈಮಗ್ಗದ ಬಟ್ಟೆ ನೋಡಿದವರಿಗೆ ಇದು ಗೊತ್ತು. ಮಲೆನಾಡಿನ ಅಡಿಕೆ ಚೊಗರು, ನೀಲಿಯಂಥ ಮೂಲಗಳಿಂದ ಬಂದ ಆ ಬಣ್ಣಗಳಲ್ಲಿ ಕಣ್ಣು ಕುಕ್ಕುವಂಥದ್ದು ಇಲ್ಲ. ಯಾವ ಎರಡನ್ನು ಪಕ್ಕಪಕ್ಕ ಇಟ್ಟರೂ ಜಗಳವಾಡುವುದಿಲ್ಲ. ಬಣ್ಣವನ್ನೇ ಹಾಕದೆ ಕಂದು ಬಟ್ಟೆ ನೇಯುವ ದಾರಿಯೂ ಉಂಟು. ಬೀಜಕೋಶದೊಳಗೇ ಕಂದಾಗಿ ಬೆಳೆಯುವ ಹತ್ತಿಯ ತಳಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ.

ಈಗ ಪಟ್ಟಿ. ಪ್ಯಾಂಟು ಮೂರು: ಮಾಸಲು ಬಿಳಿಯದೊಂದು ನೇರ ಪ್ಯಾಂಟು, ಅಡಿಕೆ ಬಣ್ಣದ ಇನ್ನೊಂದು, ನೀಲಿಯ ಪಲಾಝೋ. ಟಾಪು ಐದು: ಕಲಂಕಾರಿಯದು, ಬಿಳಿ ಮಲ್‌ಮಲ್, ಸಾಸಿವೆ ಬಣ್ಣದ ಪ್ಲೇನ್, ನೀಲಿ ಗೀರಿನ ಕೈಮಗ್ಗದ್ದು, ಇಟ್ಟಿಗೆ ಕೆಂಪಿನದು. ಐದು ಮೂರಲೆ ಹದಿನೈದು ಜೋಡಿ. ಕೆಂಪು ಟಾಪಿನ ಕೆಳಗೆ ಕಂದು ಪ್ಯಾಂಟು ಎಲ್ಲರ ಕಣ್ಣಿಗೂ ಹಿಡಿಸಲಿಕ್ಕಿಲ್ಲ; ಆಗ 14. ನಷ್ಟವೇನಿಲ್ಲ. 44 ಪನ್ನದ ಬಟ್ಟೆಯಾದರೆ ಒಂದೊಂದಕ್ಕೆ ಎರಡೂವರೆ ಮೀಟರಿನಂತೆ ಒಟ್ಟು 20 ಮೀಟರ್ ಆಸುಪಾಸು ಬೇಕಾಗುತ್ತದೆ. 36 ಪನ್ನವಾದರೆ ಇನ್ನೂ ಹೆಚ್ಚು, ತೋಳಿಗೆ ಬೇರೆಯೇ ಜಾಗ ಹುಡುಕಬೇಕು.

ಬಣ್ಣ ಹೊಂದಿದರೂ ಆಕಾರ ಹೊಂದದೆ ಕೆಡುವುದುಂಟು. ಉದ್ದದ ಘೇರುಳ್ಳ ಟಾಪಿನ ಕೆಳಗೆ ಪಲಾಝೋ ಹಾಕಿದರೆ ನೋಡುವವರಿಗೆ ನೈಟಿಯ ನೆನಪಾಗುತ್ತದೆ. ಹಾಗಾಗಿ ಐದೂ ಟಾಪುಗಳಿಗೆ ಮೊಣಕಾಲಿಗಿಂತ ತುಸು ಮೇಲೆ ನಿಲ್ಲುವ, ಎರಡೂ ಬದಿಗೆ ಕಟ್ ಇರುವ ಒಂದೇ ನೇರ ಆಕಾರ ಸಾಕು. ಕುತ್ತಿಗೆ, ತೋಳು ಮಾತ್ರ ಬದಲಾಗಲಿ. ಇದರಲ್ಲಿ ಇನ್ನೊಂದು ಲಾಭವಿದೆ: ಪೇಪರ್ ಕಟಿಂಗ್ ಒಂದನ್ನೇ ಸರಿಮಾಡಿಕೊಂಡರಾಯಿತು. ಹಳೇ ಬೆಡ್‌ಶೀಟಿನಲ್ಲಿ ಒಮ್ಮೆ ಹೊಲಿದು, ತೊಟ್ಟು, ಕೈಯೆತ್ತಿ ಕೂತು ನೋಡಿ ತಿದ್ದಿಕೊಂಡರೆ ಮುಂದಿನ ಐದರಲ್ಲೂ ಕಂಕುಳು ಹಿಡಿಯುವುದಿಲ್ಲ.

ಕತ್ತರಿ ಹಾಕುವ ಮುಂಚೆ ಬಟ್ಟೆ ನೆನೆಯಬೇಕು. ಇದನ್ನು ಬಿಟ್ಟವರೇ ಆಮೇಲೆ ‘ಬಟ್ಟೆ ಚೆನ್ನಾಗಿಲ್ಲ’ ಎನ್ನುವುದು. ಹತ್ತಿ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5 ಪಾಲು ಕುಗ್ಗುವುದು ಮಾಮೂಲು. 42 ಇಂಚಿನ ಟಾಪಿನಲ್ಲಿ ಅದು ಸುಮಾರು ಒಂದೂಕಾಲಿನಿಂದ ಎರಡು ಇಂಚು. ರಾತ್ರಿ ನೀರಿನಲ್ಲಿ ಹಾಕಿ, ಬೆಳಿಗ್ಗೆ ಹಿಂಡದೆ ನೆರಳಿಗೆ ಒಣಹಾಕಿ, ಇಸ್ತ್ರಿ ಮಾಡಿಕೊಂಡರೆ ಕುಗ್ಗುವುದು ಬಹುಪಾಲು ಅಲ್ಲೇ ಮುಗಿಯುತ್ತದೆ. ಗಾಢ ನೀಲಿ, ಕೆಂಪು ಬಣ್ಣ ಬಿಡುವುದೂ ಆಗಲೇ ತಿಳಿಯುತ್ತದೆ.

ಹೊಲಿಯುವಾಗ ಎಂಟನ್ನೂ ಒಂದಾದ ಮೇಲೊಂದು ಮುಗಿಸುವುದಕ್ಕಿಂತ ದಾರದ ಬಣ್ಣದ ಪ್ರಕಾರ ಕೂತರೆ ಬೇಗ ಆಗುತ್ತದೆ. ಪದೇಪದೇ ಬಾಬಿನ್ ಸುತ್ತುವ ಕಾಟವಿಲ್ಲ. ಮೊದಲು ಪ್ಯಾಂಟುಗಳು. ಅವು ತಯಾರಾದರೆ ಮನೆಯಲ್ಲಿರುವ ಹಳೇ ಟಾಪುಗಳೂ ಬಳಕೆಗೆ ಬರುತ್ತವೆ. ಪ್ಯಾಂಟಿನ ಬಟ್ಟೆಗೆ 14 ನಂಬರಿನ ಸೂಜಿ ಸರಿ. ಅದೇ ಸೂಜಿಯಲ್ಲಿ ಮಲ್‌ಮಲ್ ಹೊಲಿದರೆ ಹೊಲಿಗೆಯುದ್ದಕ್ಕೂ ತೂತು, ಸುಕ್ಕು. ಅದಕ್ಕೆ 9 ಅಥವಾ 11 ಹಾಕಬೇಕು.

ಮಲ್‌ಮಲ್‌ಗೆ ಓವರ್‌ಲಾಕ್ ಕೂಡ ಅಷ್ಟು ಒಳ್ಳೆಯದಲ್ಲ. ತೆಳು ಬಟ್ಟೆಯಲ್ಲಿ ಆ ದಾರದ ಜಾಲ ಹೊರಗೆ ಕಾಣುತ್ತದೆ, ಬೆವರಿದ ಮೈಗೆ ಚುಚ್ಚುತ್ತದೆ. ಅದರ ಬದಲು ಫ್ರೆಂಚ್ ಸೀಮ್ ಹಾಕಬಹುದು. ಸಾಮಾನ್ಯ ಹೊಲಿಗೆಯಲ್ಲಿ ಬಟ್ಟೆಯ ಹೊರಮೈಗಳನ್ನು ಒಂದಕ್ಕೊಂದು ಎದುರಿಡುತ್ತಾರೆ; ಇಲ್ಲಿ ಮೊದಲು ಒಳಮೈಗಳನ್ನು ಎದುರಿಟ್ಟು ಕಾಲಿಂಚಿಗೆ ಹೊಲಿಯುವುದು. ತಪ್ಪಾಗಿ ಹೊಲಿದೆವೇನೋ ಎಂದು ಮೊದಲ ಸಲ ಯಾರಿಗಾದರೂ ಅನಿಸುತ್ತದೆ. ಆಮೇಲೆ ಅಂಚನ್ನು ಅರೆಪಾಲು ಕತ್ತರಿಸಿ, ಬಟ್ಟೆಯನ್ನು ತಿರುವಿ, ಹೊಲಿಗೆಯನ್ನು ಉಗುರಿನಿಂದ ಒತ್ತಿ, ಇಸ್ತ್ರಿ ತಾಗಿಸಿ, ಇನ್ನೊಮ್ಮೆ ಕಾಲಿಂಚು ಬಿಟ್ಟು ಹೊಲಿಗೆ. ಎಳೆ ಬಿಚ್ಚುವ ಅಂಚು ಪೂರ್ತಿ ಒಳಗೆ ಸೇರಿಕೊಂಡು, ಟಾಪಿನ ಒಳಗೂ ಹೊರಗೂ ಒಂದೇ ಒಪ್ಪ ಬರುತ್ತದೆ.

ಗುಳೇದಗುಡ್ಡದ ಖಣದಲ್ಲಿ ಇಡೀ ಟಾಪು ಹೊಲಿಸುವ ಆಸೆ ಈಚೆಗೆ ಹಲವರಿಗೆ. ನೋಡಲು ಸೊಗಸೇ, ಆದರೆ ಪೇಟೆಯಲ್ಲಿ ಸಿಗುವ ಖಣದಲ್ಲಿ ಕೃತಕ ನೂಲೇ ಹೆಚ್ಚಿರುವುದುಂಟು, ಏಪ್ರಿಲ್ ತಿಂಗಳಲ್ಲಿ ಅದು ಶಿಕ್ಷೆ. ಯೋಕ್, ಜೇಬು, ತೋಳಿನ ಅಂಚು, ಇಷ್ಟಕ್ಕೆ ಬಳಸಿದರೆ ಚೆಂದವೂ ಇದೆ, ಸೆಕೆಯೂ ಇಲ್ಲ. ಸೆರಗು ಹರಿದ ಹಳೇ ಇಳಕಲ್ ಹತ್ತಿ ಸೀರೆ ಮನೆಯಲ್ಲಿದ್ದರೆ ಅದು ಇನ್ನೂ ಉತ್ತಮ: ವರ್ಷಗಟ್ಟಲೆ ಒಗೆದು ಮೆತ್ತಗಾದ ಬಟ್ಟೆ, ಕುಗ್ಗುವ ಭಯವೇ ಇಲ್ಲ. ಅದರ ಕೆಂಪು ದಡಿಯನ್ನು ಟಾಪಿನ ಕೆಳ ಅಂಚಿಗೆ ಬರುವಂತೆ ಕತ್ತರಿಸಿದರೆ ಮಡಚಿ ಹೊಲಿಯುವ ಕೆಲಸವೂ ಉಳಿಯುತ್ತದೆ. 20 ಮೀಟರಿನಲ್ಲಿ ಉಳಿದ ಚೂರುಗಳನ್ನು ಉತ್ತರ ಕರ್ನಾಟಕದ ಕಡೆ ಎಸೆಯುವ ಪ್ರಶ್ನೆಯೇ ಇಲ್ಲ, ಅವು ಕೌದಿಗೆ ಹೋಗುತ್ತವೆ.

ಶಿವರಾತ್ರಿ ಕಳೆದು ಸೆಕೆ ಹತ್ತಿದ ಮೇಲೆ ಬಟ್ಟೆ ಕೊಳ್ಳಲು ಹೊರಟರೆ ತಡವಾಯಿತೆಂದೇ ಲೆಕ್ಕ. ಕಾಜ, ಗುಂಡಿಯ ಕೆಲಸಕ್ಕೆ ಹೊರಗೆ ಕೊಡುವವರಿಗಂತೂ ಮದುವೆ ಸೀಸನ್ನಿನಲ್ಲಿ ಟೈಲರ್ ಸಿಗುವುದು ಕಷ್ಟ. ಹೊಲಿದಾದ ಮೇಲಿನ ಆರೈಕೆಯಲ್ಲಿ ಒಂದು ಮಾತು ಮಾತ್ರ ಹೇಳಬೇಕು. ಕಾಟನ್ ಬಟ್ಟೆಗೆ ಖಡಕ್ ಗಂಜಿ ಹಾಕುವುದು ಅನೇಕ ಮನೆಗಳಲ್ಲಿ ರೂಢಿ. ಗಂಜಿ ಎಳೆಗಳ ನಡುವಿನ ಸಂದನ್ನು ತುಂಬುತ್ತದೆ, ಗಾಳಿಯಾಡುವ ದಾರಿ ಕಟ್ಟುತ್ತದೆ. ಪ್ಯಾಂಟಿಗೆ ತೆಳುವಾಗಿ ಹಾಕಿದರೆ ಅಡ್ಡಿಯಿಲ್ಲ; ಮಲ್‌ಮಲ್ ಟಾಪಿಗೆ ಬೇಡ.