ಹಸಿರಿನ ಅಡಿಯಲ್ಲಿ ಎಷ್ಟು ಕಾಡಿದೆ?

ಸಾಗರ, ಸೊರಬದ ಕಡೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಎರಡು ಬಗೆಯ ಹಸಿರು ಸರಿದುಹೋಗುತ್ತದೆ. ಒಂದು, ಸಾಲು ಹಿಡಿದು ನಿಂತ ಅಕೇಶಿಯಾ ನೆಡುತೋಪು. ಎಲ್ಲ ಮರಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಎತ್ತರ; ಬುಡದಲ್ಲಿ ತರಗೆಲೆಯ ಹಾಸು. ಇನ್ನೊಂದು ಕಾನು. ಅಲ್ಲಿ ಹೆಮ್ಮರದ ಕೆಳಗೆ ನಡುಮರ, ಅದರ ಕೆಳಗೆ ಎಳೆಯ ಸಸಿ, ಎಲ್ಲವನ್ನೂ ಹೆಣೆದ ಬಳ್ಳಿ, ನಡುಹಗಲಲ್ಲೂ ನಸುಗತ್ತಲು. ಕಾನು ಯಾವುದು, ತೋಪು ಯಾವುದು ಎಂದು ಅಲ್ಲಿಯ ಶಾಲೆ ಮಕ್ಕಳೂ ಹೇಳಬಲ್ಲರು. ನೂರಾರು ಕಿಲೋಮೀಟರ್ ಎತ್ತರದಿಂದ ಚಿತ್ರ ತೆಗೆಯುವ ಉಪಗ್ರಹಕ್ಕೆ ಮಾತ್ರ ಅದು ಅಷ್ಟು ಸಲೀಸಲ್ಲ. ಅದರ ಕ್ಯಾಮೆರಾಗೆ ಕಾಣುವುದು ಮರಗಳ ನೆತ್ತಿ. ನೆತ್ತಿಯಲ್ಲಿ ಎರಡೂ ದಟ್ಟ ಹಸಿರು.

ನಮ್ಮ ಕಾಡಿನ ಲೆಕ್ಕ ಬಹುಮಟ್ಟಿಗೆ ಈ ನೆತ್ತಿಯ ಲೆಕ್ಕ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ದೇಶದ ಅರಣ್ಯ ವರದಿ ಹೊರತರುತ್ತಿದೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆರಳು ಶೇ 10ರಷ್ಟು ನೆಲವನ್ನು ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಜಮೀನು ಯಾರದು, ಮರ ಯಾವುದು ಎಂಬ ಪ್ರಶ್ನೆ ಇಲ್ಲಿಲ್ಲ. ಹಾಗಾಗಿ ಕೊಡಗಿನ ಕಾಫಿ ತೋಟ, ಕರಾವಳಿಯ ತೆಂಗಿನ ತೋಟ, ನೀಲಗಿರಿ ತೋಪು ಎಲ್ಲವೂ ಈ ಹೊದಿಕೆಯೊಳಗೆ ಬರಬಹುದು. ಕಾಡಿನ ಅಗಲ ತಿಳಿಯಲು ಈ ಲೆಕ್ಕ ಬೇಕೇಬೇಕು. ಕಾಡಿನ ಆಳವನ್ನೂ ಭಾರವನ್ನೂ ತಿಳಿಯಲು ಬೇರೆ ಅಳತೆಗೋಲುಗಳು ಬೇಕು.

ಕಡಿಯದೆ ತೂಗುವ ವಿದ್ಯೆ

ಮರದ ಕಾಂಡ, ಕೊಂಬೆ, ಎಲೆಗಳ ಒಣತೂಕವನ್ನು ವಿಜ್ಞಾನಿಗಳು ಬಯೋಮಾಸ್ ಎನ್ನುತ್ತಾರೆ. ಅದರಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲ. ಮರ ಉರಿದರೆ, ಕೊಳೆತರೆ ಒಂದು ಟನ್ ಇಂಗಾಲ ಸುಮಾರು 3.67 ಟನ್ ಕಾರ್ಬನ್ ಡೈ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಕಾಡಿನ ತೂಕ ಹವಾಮಾನದ ಮಾತಿಗೆ ಬಂದದ್ದು ಹೀಗೆ.

ನಿಂತ ಮರವನ್ನು ತಕ್ಕಡಿಗೆ ಹಾಕುವಂತಿಲ್ಲ. ಹಿಂದೆ ಕಡಿದು ತೂಗಿದ ಮರಗಳ ಲೆಕ್ಕದಿಂದ ಕಟ್ಟಿದ ಸೂತ್ರಗಳಿವೆ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್ ಮೇಲೆ, ಟೇಪು ಸುತ್ತಿ ಸುತ್ತಳತೆ ಹಿಡಿಯುತ್ತಾರೆ. ಬುಡದಲ್ಲಿ ಹಲಗೆಬೇರು ಚಾಚಿದ್ದರೆ ಅದಕ್ಕೂ ಮೇಲೆ ಹತ್ತಿ ಅಳೆಯಬೇಕು. ಜೊತೆಗೆ ಎತ್ತರ, ಮರದ ಜಾತಿ. ಬೂರುಗದ ಮರವೂ ಮತ್ತಿ ಮರವೂ ಒಂದೇ ಗಾತ್ರದವಾದರೂ ತೂಕ ಒಂದೇ ಅಲ್ಲ. ಬೂರುಗ ಹಗುರ, ಮತ್ತಿ ಭಾರ.

ಈ ಕೆಲಸವನ್ನು ದಶಕಗಳಿಂದ ಬಿಡದೆ ಮಾಡಿಕೊಂಡು ಬಂದ ತಾಣಗಳು ನಮ್ಮ ಹತ್ತಿರವೇ ಇವೆ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಸಸಿಯಿಂದ ಹಿಡಿದು ಪ್ರತಿ ಮರವನ್ನೂ ಲೆಕ್ಕಕ್ಕೆ ತಂದರು. ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ ನಿತ್ಯಹರಿದ್ವರ್ಣ ಕಾಡಿನ ಅಳತೆಯನ್ನು 1990ರ ಹೊತ್ತಿಗೆ ಶುರುಮಾಡಿತು. ಸುತ್ತಳತೆ 30 ಸೆಂ.ಮೀ. ದಾಟಿದ ಮರಗಳೆಲ್ಲ ಅಲ್ಲಿಯ ಲೆಕ್ಕದಲ್ಲಿವೆ.

ಒಂದು ತಾಣಕ್ಕೇ ಇಷ್ಟು ಬೆವರು. ಇಡೀ ಪಶ್ಚಿಮಘಟ್ಟಕ್ಕೆ ಟೇಪು ಸುತ್ತುವುದು ಆಗದ ಮಾತು. ಆಗ ಒದಗುವುದೇ ದೂರಸಂವೇದಿ ತಂತ್ರಜ್ಞಾನ.

ರಾಗಿಯ ಮೊರ, ಅವರೆಯ ಮೊರ

ಮೊದಲ ಉಪಾಯ ಸರಳವಾದದ್ದು. ಒಂದು ಮೊರದಲ್ಲಿ ರಾಗಿ, ಇನ್ನೊಂದರಲ್ಲಿ ಅವರೆಕಾಳು ಹರವಿ ದೂರ ನಿಂತು ನೋಡಿ. ಒಂದೊಂದೇ ಕಾಳು ಎಣಿಸದಿದ್ದರೂ ಯಾವುದು ನುಣುಪು, ಯಾವುದು ಒರಟು ಎಂದು ಕಣ್ಣಿಗೆ ತಿಳಿಯುತ್ತದೆ. ಎಳೆಯ ಕಾಡಿನ ನೆತ್ತಿ ರಾಗಿಯ ಮೊರದ ಹಾಗೆ. ಹಳೆಯ ಕಾಡಿನಲ್ಲಿ ಕೊಡೆಯಂತೆ ಹರಡಿದ ದೊಡ್ಡ ತಲೆಗಳು, ನಡುನಡುವೆ ನೆರಳಿನ ಗುಳಿಗಳು. ಈ ಒರಟುತನವನ್ನು ಗಣಿತದಿಂದ ಅಳೆದು, ನೆಲದ ತಾಣಗಳ ಬಯೋಮಾಸ್ ಜೊತೆ ತಾಳೆ ಹಾಕುವ ವಿಧಾನವನ್ನು ಪಶ್ಚಿಮಘಟ್ಟದಲ್ಲಿ ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದಕ್ಕೆ ಬಳಸಿದ್ದು ಯಾರು ಬೇಕಾದರೂ ತೆರೆದು ನೋಡಬಹುದಾದ ಗೂಗಲ್ ಅರ್ಥ್ ಚಿತ್ರಗಳನ್ನು.

ಬೆಳಕಿನ ಅಳತೆಗೋಲು

ಎರಡನೆಯ ಉಪಾಯ ಲೇಸರ್ ಬಳಸುವ ಲೈಡಾರ್. ಅಮೆರಿಕದ ನಾಸಾ 2018ರ ಡಿಸೆಂಬರಿನಲ್ಲಿ ‘ಜೆಡೈ’ ಹೆಸರಿನ ಲೇಸರ್ ಉಪಕರಣವನ್ನು ಕಳಿಸಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಿತು. ಅದು ಸೆಕೆಂಡಿಗೆ 242 ಸಲ ಲೇಸರ್ ಮಿಡಿತಗಳನ್ನು ನೆಲಕ್ಕೆ ಬಿಡುತ್ತದೆ. ಪ್ರತಿ ಮಿಡಿತವೂ ನೆಲದಲ್ಲಿ ಸುಮಾರು 25 ಮೀಟರ್ ಅಗಲದ ವೃತ್ತವನ್ನು ಬೆಳಗುತ್ತದೆ. ಸ್ವಲ್ಪ ಬೆಳಕು ನೆತ್ತಿಯ ಎಲೆಗೆ ತಾಗಿ ಮರಳುತ್ತದೆ, ಸ್ವಲ್ಪ ನಡುಕೊಂಬೆಗೆ, ಉಳಿದದ್ದು ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಬರುತ್ತದೆ. ಮೂವತ್ತು ಮೀಟರ್ ಮರದ ತುದಿಯ ಮರುಬೆಳಕಿಗೂ ನೆಲದ ಮರುಬೆಳಕಿಗೂ ಇರುವ ಅಂತರ ಸೆಕೆಂಡಿನ ನೂರು ಕೋಟಿಯಲ್ಲಿ ಇನ್ನೂರು ಪಾಲು ಮಾತ್ರ. ಆ ಅಂತರ ಹಿಡಿದರೆ ಎತ್ತರ ಸಿಕ್ಕಿತು.

ಎತ್ತರಕ್ಕಿಂತ ಬೆಲೆಯುಳ್ಳದ್ದು ಮರುಬೆಳಕಿನ ಆಕಾರ. ಅಡಿಗಿಡವಿಲ್ಲದ ತೋಪಿನಿಂದ ಬರುವ ಗೆರೆಯಲ್ಲಿ ಮೇಲೊಂದು ಉಬ್ಬು, ಕೆಳಗೆ ನೆಲದ್ದೊಂದು ಉಬ್ಬು, ನಡುವೆ ಬರಿದು. ಕಾನಿನಿಂದ ಬಂದ ಗೆರೆ ಮೇಲಿಂದ ಕೆಳಗಿನವರೆಗೂ ತುಂಬಿಕೊಂಡಿರುತ್ತದೆ; ಒಂದೊಂದು ಅಂತಸ್ತೂ ತನ್ನ ಗುರುತು ಬಿಟ್ಟಿರುತ್ತದೆ. ಬಸ್ಸಿನ ಕಿಟಕಿಯಿಂದ ನಾವು ಕಂಡ ವ್ಯತ್ಯಾಸ ಇಲ್ಲಿ ಅಂಕಿಯಾಗಿ ದೊರೆಯುತ್ತದೆ.

ಘಟ್ಟದ ಇಳಿಜಾರು ಈ ಲೆಕ್ಕವನ್ನು ಕದಡುತ್ತದೆ. ಮೂವತ್ತು ಡಿಗ್ರಿ ಇಳಿಜಾರಿನಲ್ಲಿ 25 ಮೀಟರ್ ವೃತ್ತದ ಮೇಲಂಚಿಗೂ ಕೆಳಂಚಿಗೂ 14 ಮೀಟರ್ ಏರುತಗ್ಗು ಇರುತ್ತದೆ. ನೆಲದ ಮರುಬೆಳಕು ಮರದ್ದರ ಜೊತೆ ಬೆರೆತುಹೋಗುತ್ತದೆ. ಮೋಡ ಕವಿದರಂತೂ ಲೇಸರ್ ನೆಲಕ್ಕೆ ಇಳಿಯುವುದೇ ಇಲ್ಲ. ಜೊತೆಗೆ ಜೆಡೈ ಅಳೆಯುವುದು ಅಲ್ಲೊಂದು ಇಲ್ಲೊಂದು ಚುಕ್ಕಿ. ಚುಕ್ಕಿಗಳ ನಡುವಿನ ಜಾಗವನ್ನು ಬೇರೆ ಉಪಗ್ರಹಗಳ ನೆರವಿನಿಂದ ತುಂಬಬೇಕು.

ಮೋಡ ದಾಟುವ ರೇಡಾರ್

ಮಳೆಗಾಲದ ಮಲೆನಾಡನ್ನು ನೋಡಲು ರೇಡಾರ್ ಬೇಕು. ರೇಡಿಯೊ ಅಲೆಗೆ ಮೋಡವೂ ಇರುಳೂ ಅಡ್ಡಿಯಲ್ಲ. ಅಲೆಯ ಉದ್ದ ಎಷ್ಟೋ ಹೆಚ್ಚುಕಡಿಮೆ ಅಷ್ಟು ಗಾತ್ರದ ವಸ್ತು ಅದಕ್ಕೆ ಚೆನ್ನಾಗಿ ತಾಗುತ್ತದೆ. ಗಿಡ್ಡ ಅಲೆ ಎಲೆ, ಕಡ್ಡಿಗಳಲ್ಲೇ ಚದುರಿದರೆ ಉದ್ದ ಅಲೆ ಕೊಂಬೆ, ಕಾಂಡದವರೆಗೆ ಇಳಿಯುತ್ತದೆ.

ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ‘ನಿಸಾರ್’ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದರ ರೇಡಾರ್‌ಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. ನಾಸಾದ ರೇಡಾರ್‌ನ ಅಲೆ 24 ಸೆಂ.ಮೀ. ಉದ್ದದ್ದು, ಇಸ್ರೊದ್ದು ಹತ್ತಿರಹತ್ತಿರ 10 ಸೆಂ.ಮೀ. ಹನ್ನೆರಡು ಮೀಟರ್ ಅಗಲದ ಜಾಲರಿ ಕೊಡೆ ಬಿಚ್ಚಿಕೊಂಡು ಅದು 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳುತ್ತದೆ. ಮಳೆಗಾಲದ ಮರೆಯಲ್ಲಿ ಮರ ಕಡಿದರೂ ಗುಡ್ಡ ಜರಿದರೂ ಅದರ ಸುಳಿವು ಸಿಗುವ ಅವಕಾಶವಿದೆ.

ಇದಕ್ಕೂ ಒಂದು ಎಲ್ಲೆಯಿದೆ. ತುಂಬಿದ ಸೇರಿನ ಮೇಲೆ ಎಷ್ಟು ಅಕ್ಕಿ ಸುರಿದರೂ ಅಳತೆಗೆ ನಿಲ್ಲುವುದು ಒಂದೇ ಸೇರು. ಹೆಕ್ಟೇರಿಗೆ ಸುಮಾರು 100 ಟನ್ ದಾಟಿದರೆ 24 ಸೆಂ.ಮೀ. ಅಲೆಗೂ ಹಾಗೇ ಆಗುತ್ತದೆ. ಕುರುಚಲು ಕಾಡು, ಮತ್ತೆ ಚಿಗುರುತ್ತಿರುವ ಕಾಡುಗಳ ಬಯೋಮಾಸ್ ಅಳೆಯಲು ಅದು ಒಳ್ಳೆಯದು. ಘಟ್ಟದ ಹಳೆಯ ನಿತ್ಯಹರಿದ್ವರ್ಣ ಕಾಡಿನ ಭಾರ ಅದರ ಸೇರಿಗೆ ಹಿಡಿಸುವುದಿಲ್ಲ. ಅದಕ್ಕೆಂದೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2025ರ ಏಪ್ರಿಲ್ 29ರಂದು ‘ಬಯೋಮಾಸ್’ ಹೆಸರಿನ ಉಪಗ್ರಹ ಹಾರಿಸಿತು. ಅದರ ಅಲೆ ಸುಮಾರು 70 ಸೆಂ.ಮೀ. ಉದ್ದ, ಎಲೆಗಳನ್ನು ದಾಟಿ ಹೆಗ್ಗೊಂಬೆ, ಕಾಂಡಗಳಿಗೆ ತಾಗಿ ಮರಳುತ್ತದೆ.

ಕಾಂಡದ ಮೇಲಿನ ಸಂಖ್ಯೆ

2030ರೊಳಗೆ ಮರ, ಕಾಡುಗಳ ಮೂಲಕ 250ರಿಂದ 300 ಕೋಟಿ ಟನ್ ಕಾರ್ಬನ್ ಡೈ ಆಕ್ಸೈಡಿಗೆ ಸಮನಾದ ಹೆಚ್ಚುವರಿ ಇಂಗಾಲವನ್ನು ಹಿಡಿದಿಡುವುದಾಗಿ ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ಹಸಿರಿನ ಅಗಲವೊಂದನ್ನೇ ನೋಡಿ ಆ ಲೆಕ್ಕ ಒಪ್ಪಿಸಿದರೆ, ಒಂದು ಕಾನು ಕಳೆದುಕೊಂಡು ಅಷ್ಟೇ ಅಗಲದ ತೋಪು ಬೆಳೆಸಿದಾಗ ನಷ್ಟ ಕಾಣಿಸುವುದೇ ಇಲ್ಲ. ಎತ್ತರ, ಅಂತಸ್ತು, ಭಾರ ಲೆಕ್ಕಕ್ಕೆ ಬಂದಾಗ ನಷ್ಟ ಕಣ್ಣಿಗೆ ರಾಚುತ್ತದೆ. ಆದ್ದರಿಂದ ನಮ್ಮ ಅರಣ್ಯ ವರದಿಗಳ ನಕ್ಷೆಯಲ್ಲಿ ಹೊದಿಕೆಯ ಪಕ್ಕದಲ್ಲೇ ಕಾಡಿನ ಎತ್ತರವೂ ಭಾರವೂ ಅಚ್ಚಾಗಬೇಕು. ಭಾರದಿಂದಲೂ ಎಲ್ಲ ತಿಳಿಯುವುದಿಲ್ಲ. ಮಂಗಟ್ಟೆ ಹಕ್ಕಿಗೆ ಗೂಡಾಗುವ ಪೊಟರೆ ಯಾವ ಮರದಲ್ಲಿದೆ ಎಂಬುದು ಟನ್ನುಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಹಾಗಿದ್ದರೂ ಪೊಟರೆಯಾಗುವಷ್ಟು ಹಳೆಯ ಹೆಮ್ಮರಗಳು ಎಲ್ಲಿ ಉಳಿದಿರಬಹುದು ಎಂದು ಈ ನಕ್ಷೆಗಳು ಬೆರಳು ತೋರಿಸಬಲ್ಲವು.

ಉಪಗ್ರಹ ಟನ್ನುಗಳನ್ನು ನೇರವಾಗಿ ಅಳೆಯುವುದಿಲ್ಲ. ಅದು ಕೊಡುವುದು ಮರುಬೆಳಕು, ಮರುದನಿ. ಅವನ್ನು ಟನ್ನಿಗೆ ಇಳಿಸುವುದು ಮುದುಮಲೆ, ಉಪ್ಪಂಗಳದಂಥ ತಾಣಗಳಲ್ಲಿ ಜಿಗಣೆ ಕಚ್ಚಿಸಿಕೊಂಡು, ಆನೆಯ ಸದ್ದಿಗೆ ಕಿವಿಗೊಟ್ಟು ಟೇಪು ಹಿಡಿದವರು ಬರೆದಿಟ್ಟ ಅಂಕಿಗಳು. ಅಂಥ ತಾಣಗಳು ಹೆಚ್ಚಬೇಕು, ಇರುವವು ನಿಲ್ಲಬಾರದು. ಕಾಡಿನ ದಾರಿಯಲ್ಲಿ ಮರದ ಕಾಂಡದ ಮೇಲೆ ಸಂಖ್ಯೆ ಬರೆದ ಪುಟ್ಟ ತಗಡೋ ಎದೆಮಟ್ಟದಲ್ಲಿ ಎಳೆದ ಬಣ್ಣದ ಪಟ್ಟಿಯೋ ಕಂಡರೆ ದಯವಿಟ್ಟು ಕೀಳಬೇಡಿ, ಕೆರೆಯಬೇಡಿ. ಮುಂದಿನ ಸಲ ಅಳೆಯಲು ಬರುವವರು ಟೇಪು ಸುತ್ತಬೇಕಾದ್ದು ಅದೇ ಪಟ್ಟಿಯ ಮೇಲೆ.