ಮಾತೃಸ್ಮರಣೆಯೂ ನಮ್ಮ ಸೀಮೆಯ ಶಿಲಾಲೇಖಗಳೂ



ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳು ತಮ್ಮ ವಿವಾಹ, ಉದ್ಯೋಗ, ಮಕ್ಕಳ ಜನನ ಮೊದಲಾದ ಶುಭವರ್ತಮಾನಗಳನ್ನು ನಮಗೆ ತಿಳಿಸುವಂತೆಯೇ, ತಾಯಿಯು ಕರ್ತನಲ್ಲಿ ನಿದ್ರೆಹೋದಾಗಲೂ ಬರೆಯುವುದುಂಟು. ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುವುದಕ್ಕೂ ಸ್ಮರಣೆಯ ಆರಾಧನೆಯಲ್ಲಿ ಓದುವುದಕ್ಕೂ ನಾಲ್ಕು ಮಾತು ಬರೆದುಕೊಡಬೇಕೆಂದು ಅವರು ಕೇಳುವರು. ಆಗ ನಾವು, ನಿಮ್ಮ ತಾಯಿಯವರು ಹುಟ್ಟಿದ ಊರು ಯಾವುದು, ಅವರ ತವರಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು, ಅವರಿಗೆ ಪ್ರಿಯವಾದ ಕೀರ್ತನೆ ಯಾವುದು ಎಂದು ವಿಚಾರಿಸಿದರೆ, ಬಹುಮಂದಿಗೆ ಉತ್ತರವು ತೋಚುವುದಿಲ್ಲ. “ಬಹಳ ಭಕ್ತೆ, ಬಹಳ ತಾಳ್ಮೆಯುಳ್ಳವರು, ಒಂದು ಭಾನುವಾರವೂ ಆಲಯವನ್ನು ತಪ್ಪಿಸಿದವರಲ್ಲ” ಎಂಬಷ್ಟೇ ಬರುವುದು. ಈ ಮಾತುಗಳು ನಿಜವಾದವುಗಳೇ. ಆದರೆ ಇವು ಎಲ್ಲ ತಾಯಂದಿರಿಗೂ ಒಪ್ಪತಕ್ಕವುಗಳಾಗಿರುವುದರಿಂದ ಯಾವ ತಾಯಿಯನ್ನೂ ನಮ್ಮ ಕಣ್ಣಮುಂದೆ ತಂದು ನಿಲ್ಲಿಸಲಾರವು. ಆದುದರಿಂದ ದೈವಭಕ್ತಳಾದ ತಾಯಿಯನ್ನು ಸ್ಮರಿಸುವ ಬಗೆ ಯಾವುದೆಂಬುದನ್ನು, ನಮ್ಮ ಸೀಮೆಯ ಕಲ್ಲುಗಳನ್ನೇ ಉಪಾಧ್ಯಾಯರನ್ನಾಗಿ ಇಟ್ಟುಕೊಂಡು, ಈ ಸಂಚಿಕೆಯಲ್ಲಿ ವಿವರಿಸಲು ಇಚ್ಛಿಸುತ್ತೇವೆ.

ಮೊದಲು ಅರಸೀಕೆರೆಯನ್ನು ನೋಡೋಣ. ಹಗಲಿರುಳು ಗಾಡಿಗಳು ಬಂದು ನಿಲ್ಲುವ ಈ ರೈಲುಕೂಟದ ಹೆಸರನ್ನು ದಿನವೂ ಸಾವಿರಾರು ಜನರು ಉಚ್ಚರಿಸುತ್ತಾರೆ. ಅರಸಿಯ ಕೆರೆ ಅರಸೀಕೆರೆಯಾಯಿತು. ಯಾವಳೋ ಒಬ್ಬ ರಾಣಿಯು ಜನರ ಬಾಯಾರಿಕೆಯನ್ನು ನೆನೆದು ಕಟ್ಟಿಸಿದ ನೀರು ಊರಿಗೆ ಹೆಸರನ್ನು ಕೊಟ್ಟಿತು. ಆದರೆ ಊರ ಹೆಸರಿನಲ್ಲಿ ಆಕೆಯ ಪದವಿಯು ಉಳಿಯಿತೇ ಹೊರತು ಆಕೆಯ ಹೆಸರು ಉಳಿಯಲಿಲ್ಲ. ನಮ್ಮ ಸಮಾಧಿಭೂಮಿಗಳಲ್ಲಿಯೂ ಇಂಥ ಕಲ್ಲುಗಳುಂಟು. “ಇಂಥವರ ಪತ್ನಿ”, “ಇಂಥವರ ಪ್ರಿಯ ತಾಯಿ” ಎಂದು ಬರೆದಿರುವುದು. ಪದವಿಯು ತಿಳಿಯುವುದು, ಮನುಷ್ಯಳು ತಿಳಿಯಳು.

ಅಲ್ಲಿಂದ ಬೇಲೂರಿಗೆ ಹೋಗೋಣ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಶಿಲಾಬಾಲಿಕೆಯರನ್ನು ನಮ್ಮ ಬಾಲಿಕೆಯರು ಶಾಲೆಯ ಪ್ರವಾಸದಲ್ಲಿ ನೋಡಿದ್ದಾರೆ. ಅವುಗಳ ಪೀಠಗಳಲ್ಲಿ ಕೆಲವು ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿಕೊಂಡಿರುವರು. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ಹೀಗೆ ಇಂದಿಗೂ ನಮಗೆ ಪರಿಚಿತರು. ಮಗನು ತಂದೆಯ ಹೆಸರನ್ನು ಹೇಳಿಕೊಂಡನು. ಅವರಿಬ್ಬರಿಗೂ ಅನ್ನವಿಕ್ಕಿದ ಕೈಯ ಹೆಸರು ಅಲ್ಲಿ ಕಾಣದು. ಅದೇ ಆವರಣದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿಯಾದರೋ ಪಟ್ಟದರಸಿಯಾದ ಶಾಂತಲಾದೇವಿಯು ಕಟ್ಟಿಸಿದುದು. ಅಲ್ಲಿಗೆ ಸುಮಾರು 16 ಕಿಲೋಮೀಟರು ದೂರದ ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಪಕ್ಕದ ಗರ್ಭಗುಡಿಗೆ ಈ ರಾಣಿಯ ಹೆಸರಿನಿಂದಲೇ ಶಾಂತಲೇಶ್ವರವೆಂಬ ಹೆಸರು ಬಂದಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಶಾಂತಲೆಯ ಹೆಸರನ್ನು ಕೇಳದವರು ವಿರಳ. ಆದರೆ ಶಾಂತಲೆಯನ್ನು ಹೆತ್ತು ಬೆಳೆಯಿಸಿದವಳು ಯಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ಕೆಲವರೇ.

ಆ ಉತ್ತರವು ಬೇಲೂರಿನಲ್ಲಿಯಾಗಲಿ ಹಳೇಬೀಡಿನಲ್ಲಿಯಾಗಲಿ ಅಲ್ಲ, ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ದೊರೆಯುವುದು. ಆಕೆಯ ಹೆಸರು ಮಾಚಿಕಬ್ಬೆ. ಗಂಡನಾದ ಮಾರಸಿಂಗಯ್ಯನು ಶಿವಭಕ್ತನು, ಮಾಚಿಕಬ್ಬೆಯು ಜಿನಭಕ್ತೆ. ಒಂದೇ ಮನೆಯಲ್ಲಿ ಎರಡು ಮತಗಳಿದ್ದರೂ ಮಗಳು ತಾಯಿಯ ಭಕ್ತಿಯನ್ನು ಹಿಡಿದಳು. ಶಾಂತಲೆಯು 1123ರಲ್ಲಿ ಆ ಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥನನ್ನು ಪ್ರತಿಷ್ಠೆ ಮಾಡಿಸಿ, ಪೂಜೆಗೂ ಮುನಿಗಳ ಆಹಾರಕ್ಕೂ ಮೊಟ್ಟೆನವಿಲೆಯೆಂಬ ಗ್ರಾಮವನ್ನು ದತ್ತಿ ಕೊಟ್ಟಳು. 1131ರಲ್ಲಿ ರಾಣಿಯು ಶಿವಗಂಗೆಯಲ್ಲಿ ತೀರಿಹೋದಳು. ಮಗಳಿಲ್ಲದ ಮೇಲೆ ತಾನು ಉಳಿಯಲಾರೆನೆಂದು ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು, ಬಂಧುಗಳಿಂದ ಬೀಳ್ಕೊಂಡು, ಗುರುಗಳ ಸನ್ನಿಧಿಯಲ್ಲಿ ಒಂದು ತಿಂಗಳು ನಿರಾಹಾರಳಾಗಿದ್ದು ದೇಹವನ್ನು ಬಿಟ್ಟಳೆಂದು ಅಲ್ಲಿಯ ಶಾಸನವು ಹೇಳುತ್ತದೆ. ಇದು ಅವರ ಮತದ ಸಲ್ಲೇಖನ ವಿಧಿ. ಜೀವಮರಣಗಳ ವಿಷಯದಲ್ಲಿ ನಮ್ಮ ನಂಬಿಕೆಯು ಬೇರೆಯಾದುದು. ಆದರೂ ಮಗಳನ್ನು ಮಣ್ಣಿಗೆ ಕೊಟ್ಟ ತಾಯಿಯ ದುಃಖವು ಯಾವ ಮತದ ತಾಯಿಗೂ ಅರ್ಥವಾಗದೆ ಇರದು. ಸುಮಾರು ಒಂಬತ್ತು ನೂರು ವರ್ಷಗಳ ಮೇಲೂ ಆ ದುಃಖವು ಓದುವವರನ್ನು ಮುಟ್ಟುವುದಕ್ಕೆ ಕಾರಣವೇನೆಂದರೆ, ಬರೆದವನು ಸಾಮಾನ್ಯವಾದ ಹೊಗಳಿಕೆಯಲ್ಲಿಯೇ ನಿಲ್ಲದೆ, ನಡೆದುದನ್ನು ನಡೆದಂತೆ ಬರೆದನು.

ಅದೇ ಬೆಟ್ಟದ ಮೇಲೆ ಇನ್ನೊಬ್ಬ ತಾಯಿಯ ಸ್ಮರಣೆಯಿದೆ. ವಿಷ್ಣುವರ್ಧನನ ಮಹಾದಂಡನಾಯಕನಾದ ಗಂಗರಾಜನ ತಾಯಿಯು ಪೋಚಿಕಬ್ಬೆ. ಪೋಚವ್ವೆ, ಪೋಚಲದೇವಿ ಎಂದೂ ಶಾಸನಗಳು ಆಕೆಯನ್ನು ಕರೆಯುತ್ತವೆ. ಗಂಗರಾಜನು 1118ರಲ್ಲಿ ತಾಯಿಗಾಗಿ ಒಂದು ಬಸದಿಯನ್ನು ಕಟ್ಟಿಸಿದನು. ಬೆಳಕು ಬರುವುದಕ್ಕೆ ಕಿಟಕಿಗಳಿಲ್ಲದಿರುವುದರಿಂದ ಜನರು ಅದನ್ನು ಕತ್ತಲೆ ಬಸದಿಯೆನ್ನುತ್ತಾರೆ. ಅದೇ ಕಾಲದಲ್ಲಿ ಚಾಳುಕ್ಯರ ಸೇನೆಯನ್ನು ಓಡಿಸಿ ಬಂದ ದಂಡನಾಯಕನಿಗೆ ದೊರೆಯು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಆತನು ಪರಮವೆಂಬ ಗ್ರಾಮವನ್ನು ಪಡೆದು, ತನಗಾಗಿ ಇಟ್ಟುಕೊಳ್ಳದೆ, ತಾಯಿಯಾದ ಪೋಚಲದೇವಿಯೂ ಪತ್ನಿಯಾದ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳಿಗೆ ಬಿಟ್ಟುಕೊಟ್ಟನು. ಸುಮಾರು 1120ರಲ್ಲಿ ತಾಯಿಯು ತೀರಿಹೋದಾಗ ಆಕೆಗೆ ನಿಸಿದಿಯ ಕಲ್ಲನ್ನು ನಿಲ್ಲಿಸಿದನು. ಮುಂದೆ 1133ರಲ್ಲಿ ಗಂಗರಾಜನ ಮಗನಾದ ಬೊಪ್ಪನು ತಂದೆಯ ಸ್ಮರಣೆಗಾಗಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಮುಖ ಕಾಣುವಂತೆ ಮೆರುಗಿಟ್ಟ ಅದರ ಕಂಬಗಳನ್ನು ನಮ್ಮ ಬಾಲಿಕೆಯರು ಮುಟ್ಟಿ ನೋಡಿ ಬೆರಗಾಗುತ್ತಾರೆ. ತಾಯಿಯನ್ನು ನೆನೆದ ತಂದೆಯನ್ನು ನೋಡಿ ಬೆಳೆದ ಮಗನು ತನ್ನ ತಂದೆಯನ್ನು ನೆನೆದನು. ಸ್ಮರಣೆಯೂ ಮಕ್ಕಳು ಹಿರಿಯರನ್ನು ನೋಡಿ ಕಲಿಯುವ ಪಾಠವೇ ಸರಿ.

ಈ ಶಾಸನಗಳಿಂದ ನಾವು ಕಲಿಯಬೇಕಾದುದು ಮೂರು ಸಂಗತಿಗಳು. ಮೊದಲನೆಯದು, ಅವು ತಾಯಿಯನ್ನು ಆಕೆಯ ಸ್ವಂತ ಹೆಸರಿನಿಂದ ಕರೆಯುತ್ತವೆ. ಎರಡನೆಯದು, ಆಕೆಯ ಭಕ್ತಿಯನ್ನು ಹೊಗಳುವುದರಲ್ಲಿಯೇ ಮುಗಿಸದೆ, ಯಾವ ಗುರುವಿನ ಸನ್ನಿಧಿ, ಯಾವ ಸ್ಥಳ, ಯಾವ ಕಾರ್ಯ ಎಂಬುದನ್ನು ತಿಳಿಸುತ್ತವೆ. ಮೂರನೆಯದು, ಸ್ಮರಣೆಯನ್ನು ಕಲ್ಲಿಗೆ ಮಾತ್ರವೇ ಒಪ್ಪಿಸದೆ, ಆಕೆಯು ಪ್ರೀತಿಸಿದ ಕಾರ್ಯವು ಮುಂದೆ ನಡೆಯುವುದಕ್ಕೆ ಏರ್ಪಾಟು ಮಾಡುತ್ತವೆ. ಅರಸರ ಮನೆಯವರಿಗೆ ಗ್ರಾಮಗಳಿದ್ದವು, ನಮಗಿಲ್ಲ. ಆದರೆ ಈ ಮೂರು ಸಂಗತಿಗಳಲ್ಲಿ ಮೊದಲಿನ ಎರಡಕ್ಕೆ ಕಾಸಿನ ವೆಚ್ಚವೂ ಇಲ್ಲ.

ಈ ಶಾಸನಗಳನ್ನು ಸಂಗ್ರಹಿಸಿ 1889ರಲ್ಲಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸರು. ಅವರು 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಪಾದ್ರಿಗಳ ಪುತ್ರರು. ಇವರ ತಾಯಿಯವರ ಹೆಸರು ಜೇನ್. 1840ರ ದಶಕದ ಆರಂಭದಲ್ಲಿ, ಹೆಣ್ಣುಮಕ್ಕಳಿಗೆ ಅಕ್ಷರವೇಕೆಂದು ಜನರು ಕೇಳುತ್ತಿದ್ದ ಕಾಲದಲ್ಲಿ, ಸೀವೆಲ್ ದೊರೆಸಾನಿಯವರೊಡನೆ ಸೇರಿ ಬೆಂಗಳೂರಿನಲ್ಲಿ ಕನ್ನಡ ಬಾಲಿಕೆಯರ ಶಾಲೆಯನ್ನು ತೆರೆದವರು ಇವರೇ. ಪತಿಯವರ ಹೆಸರಿನಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯವಿದೆ. ಪುತ್ರರ ಹೆಸರು ಶಾಸನಗ್ರಂಥಗಳ ಮೇಲಿದೆ. ತಾಯಿಯವರಾದರೋ ಅನೇಕ ಪುಟಗಳಲ್ಲಿ ಬರಿಯ “ರೈಸ್ ದೊರೆಸಾನಿ”ಯಾಗಿಯೇ ಉಳಿದಿದ್ದಾರೆ. ಕನ್ನಡ ನಾಡಿನಲ್ಲಿ ಹೆಣ್ಣುಮಕ್ಕಳ ಓದಿಗೆ ನೀರೆರೆದವರಲ್ಲಿ ಒಬ್ಬರಾದ ಅವರನ್ನು, ಆ ಓದಿನ ಫಲವನ್ನುಣ್ಣುತ್ತಿರುವ ನಾವಾದರೂ ಹೆಸರು ಹಿಡಿದು ನೆನೆಯುವುದು ನ್ಯಾಯ.

ನಮ್ಮ ಸತ್ಯವೇದವೂ ಇದನ್ನೇ ಕಲಿಸುತ್ತದೆ. ಪೌಲನು ತಿಮೊಥೆಯನಿಗೆ ಬರೆಯುವಾಗ, ಅವನ ನಂಬಿಕೆಯು ಮೊದಲು ಅಜ್ಜಿಯಾದ ಲೋವಿಯಲ್ಲಿಯೂ ಆಮೇಲೆ ತಾಯಿಯಾದ ಯೂನಿಕೆಯಲ್ಲಿಯೂ ಇದ್ದುದೆಂದು ಇಬ್ಬರನ್ನೂ ಹೆಸರು ಹೇಳಿ ಜ್ಞಾಪಿಸುತ್ತಾನೆ. ಭಕ್ತನಾದ ಅಗಸ್ಟೀನನ ತಾಯಿಯಾದ ಮೋನಿಕಾ 387ರಲ್ಲಿ ಇಟಲಿಯ ಓಸ್ತಿಯ ಎಂಬಲ್ಲಿ ತೀರಿಹೋಗುವಾಗ, ತನ್ನ ದೇಹವನ್ನು ಎಲ್ಲಿ ಇಟ್ಟರೂ ಚಿಂತೆಯಿಲ್ಲ, ಕರ್ತನ ವೇದಿಯ ಬಳಿ ತನ್ನನ್ನು ನೆನೆದರೆ ಸಾಕೆಂದಳು. ಮಗನು ತಾಯಿಯ ಬಾಲ್ಯ, ದಾಂಪತ್ಯದ ಕಷ್ಟ, ಕಣ್ಣೀರಿನ ಪ್ರಾರ್ಥನೆ, ಎಲ್ಲವನ್ನೂ ಬರೆದಿಟ್ಟನು. ಆಕೆಯ ಸಮಾಧಿಯ ಲೇಖನದ ಒಂದು ತುಂಡು 1945ರಲ್ಲಿ, ಆಟದ ಕಂಬವನ್ನು ನೆಡಲು ಇಬ್ಬರು ಹುಡುಗರು ಗುಂಡಿ ತೋಡುತ್ತಿದ್ದಾಗ ದೊರೆಯಿತು. ಕಲ್ಲು ಒಡೆದು ಮಣ್ಣು ಸೇರಿದ್ದ ಅಷ್ಟು ಶತಮಾನಗಳಲ್ಲಿಯೂ ಮೋನಿಕಾ ಮರೆತುಹೋಗದೆ ಇದ್ದುದು ಮಗನ ಬರಹದಿಂದ.

ಇನ್ನು ನಮ್ಮ ತಾಯಂದಿರ ಮಾತು. ಅವರಲ್ಲಿ ಅನೇಕರಿಗೆ ಅಕ್ಷರವಿರಲಿಲ್ಲ. ಕೀರ್ತನೆಗಳನ್ನು ಕಿವಿಯಿಂದ ಕೇಳಿಯೇ ಬಾಯಿಗೆ ತಂದುಕೊಂಡರು. ಭಾನುವಾರ ಕೋಳಿ ಕೂಗುವಾಗಲೇ ಎದ್ದು, ರಾಗಿಯ ಹಿಟ್ಟನ್ನು ಬೇಯಿಸಿ, ಮಕ್ಕಳ ತಲೆಗೆ ಎಣ್ಣೆಯಿಟ್ಟು, ಕಂಕುಳಲ್ಲಿ ಒಂದು ಕೂಸನ್ನೂ ಕೈಯಲ್ಲಿ ಒಂದು ಮಗುವನ್ನೂ ಹಿಡಿದು ಆಲಯಕ್ಕೆ ನಡೆದು ಬಂದರು. ದಿನವೂ ಅಡಿಗೆಗೆ ಅಕ್ಕಿಯನ್ನು ಅಳೆಯುವಾಗ ದೇವರಿಗೆಂದು ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿ ಹಾಕಿಟ್ಟು, ಅದನ್ನು ಕಾಣಿಕೆಯಾಗಿ ತಂದರು. ಮನೆಯಲ್ಲಿ ಅಕ್ಕಿ ಕಡಿಮೆಯಾದ ದಿನ ಆ ಹಿಡಿಯು ತಮ್ಮ ಪಾಲಿನಿಂದಲೇ ಹೋಗುವುದೆಂದು ಅವರು ಯಾರಿಗೂ ಹೇಳಲಿಲ್ಲ. ಮಗಳ ಫೀಸಿಗಾಗಿ ಕಿವಿಯ ಓಲೆಯನ್ನು ಅಡವಿಟ್ಟವರುಂಟು. ಹೀಗೆ ತಾವು ಓದದೆ ನಮ್ಮನ್ನು ಓದಿಸಿದವರು ಅವರು. ಬರೆಯಬಲ್ಲ ಮಗಳೇ ಬರೆಯದಿದ್ದರೆ ಅವರನ್ನು ಕುರಿತು ಬರೆಯುವವರು ಇನ್ನಾರು? ಮೊಮ್ಮಕ್ಕಳ ಕಾಲಕ್ಕೆ ಅವರು “ಊರಿನ ಅಜ್ಜಿ” ಮಾತ್ರವಾಗಿ, ಅವರ ಮಕ್ಕಳ ಕಾಲಕ್ಕೆ ಅಷ್ಟೂ ಆಗದೆ ಹೋಗುವರು.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ತಾಯಿಯವರು ಜೀವದಿಂದಿರುವಾಗಲೇ ಒಂದು ದಿನ ಬಿಡುವು ಮಾಡಿಕೊಂಡು ಅವರ ಬಳಿ ಕುಳಿತುಕೊಳ್ಳಿರಿ. ಪರೀಕ್ಷೆ ಮಾಡುವವರಂತೆ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಬೇಡಿರಿ. ಅವರೊಡನೆ ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳಿರಿ. ಅವರ ಹೆಸರು, ತವರಿನ ಹೆಸರು, ಅವರ ತಾಯಿಯ ಹೆಸರು, ಹುಟ್ಟಿದ ಊರು, ದೀಕ್ಷಾಸ್ನಾನವಾದ ಆಲಯ, ಮೊದಲು ಕಲಿತ ಕೀರ್ತನೆ, ಅದನ್ನು ಕಲಿಸಿದವರು, ಕಳೆದುಕೊಂಡ ಮಕ್ಕಳಿದ್ದರೆ ಅವರ ಹೆಸರು, ಕ್ಷಾಮದಲ್ಲಿಯೋ ರೋಗದಲ್ಲಿಯೋ ಮನೆಯನ್ನು ಸಾಗಿಸಿದ ಬಗೆ, ಆಲಯದಲ್ಲಿ ಅವರು ಕುಳಿತುಕೊಳ್ಳುವ ಸ್ಥಳ. ಇವುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಿರಿ. ಅವರು ಹೇಳಬಾರದೆನ್ನುವುದನ್ನು ಬರೆಯಬೇಡಿರಿ. ಕೋಪವಿದ್ದರೆ ಕೋಪವಿತ್ತೆಂದೇ ಬರೆಯಿರಿ. ದೋಷವೇ ಇಲ್ಲದ ತಾಯಿಯನ್ನು ಮೊಮ್ಮಕ್ಕಳು ನಂಬುವುದಿಲ್ಲ, ನಂಬದವರನ್ನು ಪ್ರೀತಿಸುವುದೂ ಇಲ್ಲ. ಬರೆದುದನ್ನು ಕುಟುಂಬದ ಸತ್ಯವೇದದಲ್ಲಿ ಇಟ್ಟು, ಒಂದು ಪ್ರತಿಯನ್ನು ಸಹೋದರ ಸಹೋದರಿಯರಿಗೆ ಕೊಡಿರಿ.

ತೀರಿಹೋದವರ ವಿಷಯದಲ್ಲಿಯೂ ಕಾಲವು ಮೀರಿಲ್ಲ. ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ, ಆಲಯದಲ್ಲಿ ಅವರ ಪಕ್ಕದಲ್ಲಿ ಕುಳಿತಿದ್ದ ನೆರೆಯವರು, ಇವರಿಗೆ ತಿಳಿದಿರುವುದು ಬಹಳ. ಸಭೆಯ ದೀಕ್ಷಾಸ್ನಾನದ ಪುಸ್ತಕವನ್ನೂ ವಿವಾಹದ ಪುಸ್ತಕವನ್ನೂ ತೋರಿಸಬೇಕೆಂದು ಸಭಾಪಾಲಕರನ್ನು ಕೇಳಿಕೊಳ್ಳಬಹುದು. ಕಲ್ಲನ್ನು ಹಾಕಿಸುವುದಾದರೆ ಮೊದಲು ತಾಯಿಯ ಹೆಸರು, ಆಮೇಲೆ ತವರೂರು, ಅದರ ಕೆಳಗೆ ಅವರು ಮಾಡಿದ ಒಂದು ಕಾರ್ಯ, ಇಷ್ಟನ್ನು ಕೆತ್ತಿಸಿದರೆ ಸಾಕು. ಉಳಿದ ಹಣದಲ್ಲಿ ಒಬ್ಬ ಬಡ ಬಾಲಿಕೆಗೆ ಪುಸ್ತಕಗಳನ್ನು ಕೊಡಿಸಿದರೆ ಅದು ನಮ್ಮ ಕಾಲಕ್ಕೆ ತಕ್ಕ ದತ್ತಿಯಾಗುವುದು.

ಪೋಚಿಕಬ್ಬೆಯ ಬಸದಿಯೊಳಗೆ ಬೆಳಕು ಕಡಿಮೆ; ಆದರೆ ಯಾರಿಗಾಗಿ ಕಟ್ಟಿದ್ದೆಂಬುದು ಪೀಠದ ಮೇಲೆ ಬರೆದಿರುವುದರಿಂದ ಇಂದಿಗೂ ಸಂದೇಹವಿಲ್ಲ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗಲಿ. ಈ ಸಂಚಿಕೆಯ ಕೊನೆಯ ಪುಟವನ್ನು ಬರಿದಾಗಿ ಬಿಡಿಸಿದ್ದೇವೆ. ಅದರ ಮೇಲ್ಭಾಗದಲ್ಲಿ ನಿಮ್ಮ ತಾಯಿಯವರ ಹೆಸರನ್ನು ಬರೆದು ಕಾರ್ಯವನ್ನು ಆರಂಭಿಸಿರಿ.