ಬಂದರಿನ ಬೆನ್ನಿಗೆ ಘಟ್ಟ, ಪಕ್ಕದಲ್ಲಿ ಮರಳು

ಪಣಂಬೂರಿನಲ್ಲಿ ಇಂದು ಹಡಗು ನಿಲ್ಲುವ ಜಾಗ ಅರವತ್ತೈದು ವರ್ಷಗಳ ಹಿಂದೆ ನೆಲವಾಗಿತ್ತು. ಮನೆ, ತೋಟ, ದೇವಸ್ಥಾನಗಳಿದ್ದ ಆ ನೆಲವನ್ನು ಅಗೆದು ಕಡಲನ್ನು ಒಳಕ್ಕೆ ಬಿಟ್ಟುಕೊಂಡು ನವಮಂಗಳೂರು ಬಂದರು ಕಟ್ಟಿದರು. ಅಲೆಯ ಹೊಡೆತ ತಡೆಯಲು ಕಲ್ಲಿನ ಎರಡು ಬ್ರೇಕ್‌ವಾಟರ್‌ಗಳು ಕಡಲೊಳಗೆ ಚಾಚಿವೆ. ಹಡಗು ಬಂದು ಹೋಗಲು ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಕಾಲುವೆಯನ್ನು ಕಡಲ ತಳದಲ್ಲೇ ತೋಡಿದ್ದಾರೆ. ಪ್ರತಿ ಮಳೆಗಾಲ ಅದಕ್ಕೆ ಹೂಳು ತುಂಬುತ್ತದೆ, ಮಳೆ ನಿಂತ ಮೇಲೆ ಡ್ರೆಜ್ಜರ್ ಬಂದು ಎತ್ತುತ್ತದೆ. ಬಂದರು ಇರುವವರೆಗೆ ಈ ಕೆಲಸಕ್ಕೆ ಬಿಡುವಿಲ್ಲ.

ಇಷ್ಟು ಕಷ್ಟಪಡಲು ಕಾರಣವಿತ್ತು. ಕರಾವಳಿಯ ಹಳೆಯ ಬಂದರುಗಳು ಹೆಚ್ಚಾಗಿ ನದಿಯ ಅಳಿವೆಯೊಳಗಿನವು. ನೇತ್ರಾವತಿ, ಫಲ್ಗುಣಿ ಕೂಡುವಲ್ಲಿರುವ ಮಂಗಳೂರಿನ ಹಳೆ ಬಂದರಿನಿಂದ ಹಂಚು, ಕಾಫಿ ಹೊರಟವು. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೊತ್ತು ಮಂಜಿಗಳು ಈಗಲೂ ಅದರ ದಕ್ಕೆಯಿಂದ ಹೊರಡುತ್ತವೆ. ಆದರೆ ಅಳಿವೆಯ ಬಾಗಿಲಲ್ಲಿ ಮರಳ ದಿಬ್ಬ. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕಬೇಕು, ಸರಕನ್ನು ಸಣ್ಣ ದೋಣಿಗಳು ಸಾಗಿಸಬೇಕು. ಮಳೆಗಾಲ ಬಂತೆಂದರೆ ಎಲ್ಲವೂ ಬಂದ್. ವರ್ಷವಿಡೀ ತೆರೆದಿರುವ ಬಂದರೊಂದು ಬೇಕೆಂದು ದೆಹಲಿಯಲ್ಲಿ ಪಟ್ಟು ಹಿಡಿದವರು ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯ. 1965ರಲ್ಲಿ ತೀರಿಕೊಂಡ ಅವರು ಬಂದರು ಕೆಲಸ ಮಾಡುವುದನ್ನು ನೋಡಲಿಲ್ಲ. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಆ ಹೊತ್ತಿನಲ್ಲಿ ಎಲ್ಲರ ಕಣ್ಣು ಘಟ್ಟದ ಮೇಲಿನ ಕುದುರೆಮುಖದ ಕಬ್ಬಿಣದ ಅದಿರಿನ ಮೇಲಿತ್ತು. ಇರಾನ್ ಹಣ ಕೊಡುತ್ತದೆ, ಅದಿರನ್ನೂ ಅದೇ ಕೊಳ್ಳುತ್ತದೆ ಎಂಬ ಒಪ್ಪಂದವಾಯಿತು. ಪುಡಿ ಮಾಡಿದ ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದಿಂದ ಪಣಂಬೂರಿಗೆ ಹರಿಸಲು 67 ಕಿಲೋಮೀಟರ್ ಕೊಳವೆ ಹಾಕಿದರು. ಅಷ್ಟರಲ್ಲಿ 1979ರ ಕ್ರಾಂತಿಯಲ್ಲಿ ಇರಾನಿನ ದೊರೆ ಪದಚ್ಯುತನಾದ, ಒಪ್ಪಂದದ ಲೆಕ್ಕಾಚಾರವೂ ಅವನೊಡನೆ ಹೋಯಿತು. ಅದಿರಿಗೆ ಬೇರೆ ಗಿರಾಕಿಗಳನ್ನು ಹುಡುಕಿ ಗಣಿ ನಡೆಸಿದರು. ಕೊನೆಗೆ ಕಾಡನ್ನು ಉಳಿಸಲು ಸುಪ್ರೀಂ ಕೋರ್ಟ್ ನೀಡಿದ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಆದೇಶ ಸರಿಯಾಗಿಯೇ ಇತ್ತು. ಅದಿರೊಂದನ್ನೇ ನಂಬಿದ್ದರೆ ಬಂದರು ಅಂದೇ ಬಡವಾಗುತ್ತಿತ್ತು. 1996ರಲ್ಲಿ ಶುರುವಾದ ಎಂಆರ್‌ಪಿಎಲ್ ತೈಲಾಗಾರದ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು, ಕಾಫಿ, ಗೋಡಂಬಿ ಅದನ್ನು ನಿಲ್ಲಿಸಿದವು. ಸರಕು ಬದಲಾಗುತ್ತದೆ, ಗಿರಾಕಿ ಬದಲಾಗುತ್ತಾನೆ. ಕಲ್ಲು, ಕಾಂಕ್ರೀಟ್ ಮಾತ್ರ ನೂರು ವರ್ಷ ಅಲ್ಲೇ ಇರುತ್ತವೆ. ಯೋಜನೆ ಬರೆಯುವವರು ಮೊದಲು ಯೋಚಿಸಬೇಕಾದದ್ದು ಇದನ್ನು.

ಬಂದರಿನ ಆಳ ಅಳೆದಷ್ಟು ಶ್ರದ್ಧೆಯಿಂದ ಅದರ ಬೆನ್ನಿಗಿರುವ ಘಟ್ಟವನ್ನು ನಾವು ಅಳೆಯಲಿಲ್ಲ ಎಂಬುದು ನನ್ನ ಅನಿಸಿಕೆ. ಹಾಸನದ ರೈಲು ಮಂಗಳೂರಿಗೆ ಬಂದದ್ದು ಬಂದರು ಉದ್ಘಾಟನೆಯಾಗಿ ನಾಲ್ಕು ವರ್ಷದ ಮೇಲೆ. ಬ್ರಾಡ್‌ಗೇಜ್ ಮಾಡಲೆಂದು ಮುಚ್ಚಿದ ಅದೇ ಮಾರ್ಗ ಗೂಡ್ಸ್ ಗಾಡಿಗಳಿಗೆ ಮತ್ತೆ ತೆರೆಯಲು ಸುಮಾರು ಹತ್ತು ವರ್ಷ ಹಿಡಿಯಿತು. ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಗಾಡಿ ಏರುವುದೂ ನಿಧಾನ, ಇಳಿಯುವುದೂ ನಿಧಾನ. ರಸ್ತೆಯೂ ಅಷ್ಟೆ, ಶಿರಾಡಿ ಘಟ್ಟದಲ್ಲಿ ಗುಡ್ಡ ಕುಸಿದರೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಬೆಂಗಳೂರಿನಿಂದ ಮಂಗಳೂರು ಎಷ್ಟು ದೂರವೋ ಚೆನ್ನೈಯೂ ಹೆಚ್ಚುಕಡಿಮೆ ಅಷ್ಟೇ ದೂರ. ಆ ದಾರಿಯಲ್ಲಿ ಇಂಥ ಘಟ್ಟವಿಲ್ಲ. ನಮ್ಮ ಒಳನಾಡಿನ ಕಂಟೇನರ್ ತಮಿಳುನಾಡಿನಲ್ಲಿ ಹಡಗು ಹತ್ತುವುದೇಕೆಂದು ಕೇಳುವವರು ಒಂದು ಆಷಾಢದಲ್ಲಿ ಶಿರಾಡಿ ಇಳಿದು ನೋಡಬೇಕು. ಪೆಟ್ರೋಲ್, ಡೀಸೆಲ್, ಅಡುಗೆ ಅನಿಲದಂಥವು ಮಾತ್ರ ಕೊಳವೆಯಲ್ಲಿ ಹರಿದು ಘಟ್ಟವನ್ನು ಗೆದ್ದಿವೆ.

ಇನ್ನು ಮರಳು. ಕರಾವಳಿಯುದ್ದಕ್ಕೂ ಅಲೆಗಳು ಮರಳನ್ನು ಸಾಗಿಸುತ್ತಲೇ ಇರುತ್ತವೆ, ಋತುವಿಗೆ ತಕ್ಕಂತೆ ದಿಕ್ಕು ಬದಲಿಸುತ್ತವೆ. ಅಡ್ಡಲಾಗಿ ಕಲ್ಲಿನ ಗೋಡೆ ಬಂದರೆ ಒಂದು ಕಡೆ ಮರಳು ಗುಡ್ಡೆ ಬೀಳುತ್ತದೆ, ಮರಳು ಬಾರದ ಇನ್ನೊಂದು ಕಡೆಯನ್ನು ಕಡಲು ತಿನ್ನುತ್ತದೆ. ಹಳೆ ಬಂದರಿನ ಅಳಿವೆಗೆ ಎರಡು ಕಡೆಯಿಂದ ಗೋಡೆ ಕಟ್ಟಿದ ಮೇಲೆ ಬೆಂಗ್ರೆಯ ದಡ ಬೆಳೆಯಿತು. ಉಳ್ಳಾಲದ ದಡ ಸವೆಯಿತು. ಅಲ್ಲಿ ಮನೆ, ತೆಂಗಿನ ಮರ, ರಸ್ತೆ ಕಡಲು ಸೇರಿದವು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು, ಕಡಲೊಳಗೆ ಕೃತಕ ದಿಬ್ಬ ಕಟ್ಟಿ, ಕೊರೆತ ತಡೆಯಲು ಹೊರಟೆವು. ದೋಣಿಗಳಿಗೆ ಸುರಕ್ಷಿತ ದಾರಿ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆಲೆಯನ್ನು ಪಕ್ಕದ ಊರು ತೆತ್ತಿತು, ಯೋಜನೆಯ ಖರ್ಚಿನಲ್ಲಿ ಆ ಬೆಲೆ ಬರೆದಿರಲಿಲ್ಲ. ವಿಶಾಖಪಟ್ಟಣದಲ್ಲಿ ಬಂದರಿನ ಬಳಿ ಸೇರುವ ಮರಳನ್ನು ತೆಗೆದು ಸವೆಯುತ್ತಿರುವ ಆರ್‌.ಕೆ. ಬೀಚಿಗೆ ಹಾಕುವ ರೂಢಿ ಬಹುಕಾಲದಿಂದ ಇದೆ. ಹೂಳೆಲ್ಲ ಮರಳಲ್ಲ, ಜೇಡಿಯನ್ನು ದಡಕ್ಕೆ ಸುರಿದು ಫಲವಿಲ್ಲ ನಿಜ. ಮರಳಿರುವ ಕಡೆಯಾದರೂ ಅದು ದಡಕ್ಕೇ ಮರಳಬೇಕು.

ಬಂದರಿಗಾಗಿ ಎದ್ದುಹೋದ ಪಣಂಬೂರು, ಬೈಕಂಪಾಡಿಯ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ನಿವೇಶನ ಕೊಟ್ಟರು. ಕಡಲ ಬದಿಯವರು ಗುಡ್ಡದ ಮೇಲಿನವರಾದರು. ಈಗ ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲೆಯ ಕೇಣಿಯಲ್ಲಿ ಹೊಸ ಬಂದರಿನ ವಿರುದ್ಧ ಮೀನುಗಾರರು ಬೀದಿಗಿಳಿದಿದ್ದಾರೆ. ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಅನ್ಯಾಯ. ಕಾಸರಕೋಡಿನ ದಡ ಕಡಲಾಮೆ ಮೊಟ್ಟೆಯಿಡುವ ಜಾಗ, ಮೀನು ಒಣಗಿಸುವ ಹೆಂಗಸರ ಅಂಗಳ, ನಾಡದೋಣಿ ಎಳೆದು ನಿಲ್ಲಿಸುವ ನೆಲೆ. ಯಾವ ತಿಂಗಳು ಮರಳು ಎಲ್ಲಿಗೆ ಸರಿಯುತ್ತದೆಂಬುದನ್ನು ಅಲ್ಲಿಯವರು ತಲೆಮಾರುಗಳಿಂದ ನೋಡುತ್ತ ಬಂದಿದ್ದಾರೆ.

ಹೊಸ ಬಂದರು ಬೇಡವೆಂದು ನಾನು ಹೇಳುವುದಿಲ್ಲ. ಎಲ್ಲ ಋತುಗಳಲ್ಲೂ ಮರಳನ್ನು ಅಳೆದ ಲೆಕ್ಕ, ಘಟ್ಟ ಹತ್ತಲು ಸರಕಿಗಿರುವ ದಾರಿ, ದಡ ಸವೆದರೆ ಖರ್ಚು ಕೊಡುವವರು ಯಾರೆಂಬ ಬರಹ, ದೋಣಿ ನಿಲ್ಲಿಸಲು ಬದಲಿ ಜಾಗ, ಇಷ್ಟೂ ಕನ್ನಡದಲ್ಲಿ ಮುದ್ರಣವಾಗಿ ಮೊದಲ ಕಲ್ಲು ಬೀಳುವ ಮುಂಚೆ ಆ ಊರಿನ ಪಂಚಾಯಿತಿಯಲ್ಲಿ ಜನರ ಕೈಗೆ ಸಿಗಬೇಕು.